ಕ್ಯಾಬಿನೆಟ್ಟಿಗೆ ಎಷ್ಟು ಫ್ಯಾನ್ ಹಾಕಿಸಬೇಕು?

ಪ್ರಶ್ನೆ: ಗೇಮ್ ಆಡುವಾಗ, ವಿಡಿಯೊ ಎಡಿಟ್ ಮಾಡುವಾಗ ನನ್ನ ಡೆಸ್ಕ್‌ಟಾಪ್ ವಿಪರೀತ ಬಿಸಿಯಾಗುತ್ತದೆ. ಕ್ಯಾಬಿನೆಟ್ಟಿನ ಹಿಂದೆ ಒಂದೇ ಒಂದು ಫ್ಯಾನ್ ಇದೆ. ಇನ್ನೆಷ್ಟು ಹಾಕಿಸಲಿ? ಯಾವ ಕಡೆಗೆ?

ಉತ್ತರ: ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಒಳಗಿನ ಬಿಸಿ ಎಷ್ಟೆಂದು ತೋರಿಸುವ ಎಚ್‌ಡಬ್ಲ್ಯುಮಾನಿಟರ್‌ನಂಥ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಅರ್ಧ ಗಂಟೆ ಗೇಮ್ ಆಡಿ. ಪ್ರೊಸೆಸರ್ ಎಷ್ಟು ಡಿಗ್ರಿ, ಗ್ರಾಫಿಕ್ಸ್ ಕಾರ್ಡ್ ಎಷ್ಟು ಡಿಗ್ರಿ ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದಿಟ್ಟು ಅದೇ ಗೇಮನ್ನು ಅಷ್ಟೇ ಹೊತ್ತು ಆಡಿ.

ಬಾಗಿಲು ತೆಗೆದಾಗ ಐದಾರು ಡಿಗ್ರಿಗಿಂತ ಜಾಸ್ತಿ ಇಳಿಯಿತಾ? ಹಾಗಾದರೆ ಒಳಗೆ ಗಾಳಿ ಸಾಲುತ್ತಿಲ್ಲ, ಫ್ಯಾನ್ ಹಾಕಿಸಿದರೆ ಖಂಡಿತ ಉಪಯೋಗವಾಗುತ್ತದೆ. ಒಂದೆರಡು ಡಿಗ್ರಿಯಷ್ಟೇ ಇಳಿದರೆ ತೊಂದರೆ ಬೇರೆ ಕಡೆ ಇದೆ. ಪ್ರೊಸೆಸರ್ ಮೇಲಿನ ಕೂಲರ್‌ನಲ್ಲಿ ಧೂಳು ಕಟ್ಟಿಕೊಂಡಿರಬಹುದು, ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸಲು ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿರಬಹುದು, ಇಲ್ಲವೇ ಆ ಪ್ರೊಸೆಸರ್‌ಗೆ ಆ ಕೂಲರ್ ಸಣ್ಣದಾಗಿರಬಹುದು. ಅಂಥ ಕಡೆ ಆರು ಫ್ಯಾನ್ ಹಾಕಿಸಿದರೂ ದುಡ್ಡು ದಂಡ. ಹಾಗಂತ ಬಾಗಿಲನ್ನು ಯಾವಾಗಲೂ ತೆಗೆದೇ ಇಡಬೇಡಿ. ಧೂಳು ನೇರವಾಗಿ ಒಳಗೆ ಬಂದು ಕೂರುತ್ತದೆ.

ಈಗ ಎಷ್ಟು ಫ್ಯಾನ್ ಅನ್ನುವ ಮಾತಿಗೆ ಬರೋಣ. ಕಂಪ್ಯೂಟರ್ ಎಳೆಯುವ ಕರೆಂಟೆಲ್ಲ ಕಡೆಗೆ ಬಿಸಿಯೇ ಆಗುತ್ತದೆ. ಗೇಮ್ ಆಡುವಾಗ ನಿಮ್ಮ ಕಂಪ್ಯೂಟರ್ 300 ವ್ಯಾಟ್ ಎಳೆಯುತ್ತದೆ ಅಂದುಕೊಳ್ಳಿ. ಕ್ಯಾಬಿನೆಟ್ ಮೂಲಕ ನಿಮಿಷಕ್ಕೆ 50 ಘನ ಅಡಿ ಗಾಳಿ ಹಾದುಹೋದರೆ, ಒಳಗೆ ಬಂದ ಗಾಳಿ ಸುಮಾರು 10 ಡಿಗ್ರಿ ಬಿಸಿಯಾಗಿ ಆಚೆ ಹೋಗುತ್ತದೆ. ಗಾಳಿಯನ್ನು 100 ಘನ ಅಡಿಗೆ ಏರಿಸಿದರೆ ಆ 10 ಡಿಗ್ರಿ 5ಕ್ಕೆ ಇಳಿಯುತ್ತದೆ. 150ಕ್ಕೆ ಏರಿಸಿದರೆ ಮೂರೂವರೆ, 200ಕ್ಕೆ ಎರಡೂವರೆ. ಮೊದಲ ಸಲ ಹೆಚ್ಚಿಸಿದಾಗ 5 ಡಿಗ್ರಿ ಇಳಿಯಿತು, ಕೊನೆಯ ಸಲ ಒಂದು ಡಿಗ್ರಿ ಮಾತ್ರ. ಅದಕ್ಕೇ ನಾನು ಹೇಳುವುದು: ಹೆಚ್ಚಿನವರಿಗೆ ಮುಂದೆ ಎರಡು, ಹಿಂದೆ ಒಂದು ಸಾಕು. ನಿಮ್ಮಲ್ಲಿ ಹಿಂದಿನದು ಇದ್ದೇ ಇದೆಯಲ್ಲ, ಮುಂದೆ ಎರಡು ಹಾಕಿಸಿ. ಜಾಗವಿದ್ದರೆ 120 ಮಿಲಿಮೀಟರ್ ಬದಲು 140 ಮಿಲಿಮೀಟರಿನದು ತಗೊಳ್ಳಿ. ದೊಡ್ಡ ಫ್ಯಾನ್ ನಿಧಾನವಾಗಿ ತಿರುಗಿದರೂ ಅಷ್ಟೇ ಗಾಳಿ ಕೊಡುತ್ತದೆ, ಸದ್ದು ಕಡಿಮೆ.

ಮುಂದಿನವು ಗಾಳಿ ಒಳಗೆ ಎಳೆಯಬೇಕು, ಹಿಂದಿನದು ಹೊರಗೆ ತಳ್ಳಬೇಕು. ಫ್ಯಾನಿನ ಒಂದು ಮುಖದಲ್ಲಿ ಎಲೆಗಳು ಪೂರ್ತಿ ತೆರೆದು ಕಾಣುತ್ತವೆ. ಇನ್ನೊಂದು ಮುಖದಲ್ಲಿ ನಡುವಿನ ಮೋಟರನ್ನು ಹಿಡಿದಿರುವ ಮೂರು ನಾಲ್ಕು ಪ್ಲಾಸ್ಟಿಕ್ ಕಡ್ಡಿಗಳಿರುತ್ತವೆ. ಸಾಮಾನ್ಯವಾಗಿ ಗಾಳಿ ಹೊರಬರುವುದು ಆ ಕಡ್ಡಿಗಳ ಕಡೆಯಿಂದ. ಈಗ ಕೆಲವು ಫ್ಯಾನ್‌ಗಳಲ್ಲಿ ಚೆಂದ ಕಾಣಲಿ ಅಂತ ಎಲೆಗಳನ್ನೇ ತಿರುವಿ ಮಾಡಿರುತ್ತಾರೆ, ಅವುಗಳಲ್ಲಿ ಗಾಳಿ ಉಲ್ಟಾ ಹೋಗುತ್ತದೆ. ಅನುಮಾನವಿದ್ದರೆ ಕೂರಿಸಿದ ಮೇಲೆ ಒಂದು ಊದಿನಕಡ್ಡಿ ಹಚ್ಚಿ ಹತ್ತಿರ ಹಿಡಿಯಿರಿ. ಮುಂದೆ ಹೊಗೆ ಜಾಲರಿಯೊಳಗೆ ಹೋಗಬೇಕು, ಹಿಂದೆ ಹಿಡಿದರೆ ದೂರಕ್ಕೆ ಚದುರಬೇಕು. ಬೂದಿ ಒಳಗೆ ಬೀಳದಂತೆ ಎಚ್ಚರ.

ಮುಂದಿನ ಫ್ಯಾನ್‌ಗಳು ಎಳೆಯುವ ಗಾಳಿ ಹಿಂದಿನದು ತಳ್ಳುವುದಕ್ಕಿಂತ ತುಸು ಜಾಸ್ತಿ ಇರುವುದು ನಮ್ಮ ಧೂಳಿಗೆ ಒಳ್ಳೆಯದು. ಆಗ ಗಾಳಿ ಬಹುಮಟ್ಟಿಗೆ ಮುಂದಿನ ಫಿಲ್ಟರ್ ಮೂಲಕವೇ ಒಳಗೆ ಬರುತ್ತದೆ, ಮಿಕ್ಕ ಸಂದುಗಳಿಂದ ಹೊರಗೆ ಹೋಗುತ್ತದೆ. ಬರೀ ಹೊರಗೆ ತಳ್ಳುವ ಫ್ಯಾನ್ ಇದ್ದರೆ ಸಿಕ್ಕ ಸಿಕ್ಕ ಸಂದಿನಿಂದೆಲ್ಲ ಧೂಳು ನುಗ್ಗುತ್ತದೆ. ನಿಮ್ಮಲ್ಲಿ ಈಗ ಆಗುತ್ತಿರುವುದು ಇದೇ.

ಫ್ಯಾನ್‌ಗಿಂತ ಮುಖ್ಯವಾದ ಸಂಗತಿ ಇನ್ನೆರಡಿವೆ. ಒಂದು, ಕ್ಯಾಬಿನೆಟ್ಟಿನ ಮುಖ. ಮುಂದೆ ಪೂರ್ತಿ ಗಾಜು ಇದ್ದು, ಅಂಚಿನಲ್ಲಿ ಬೆರಳಿನಷ್ಟು ಸಂದು ಬಿಟ್ಟಿದ್ದರೆ ಅದರ ಹಿಂದೆ ಎಂಥ ಫ್ಯಾನ್ ಹಾಕಿದರೂ ಉಸಿರು ಕಟ್ಟುತ್ತದೆ. ಹೊಸ ಕ್ಯಾಬಿನೆಟ್ ಕೊಳ್ಳುವವರು ಜಾಲರಿ ಮುಖದ್ದನ್ನೇ ಕೇಳಿ. ಬೆಂಗಳೂರಿನ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಬಣ್ಣದ ದೀಪ ತೋರಿಸಿ ಮನಸ್ಸು ಸೆಳೆದರೂ ಮುಂಭಾಗವನ್ನು ಕೈಯಿಂದ ಮುಟ್ಟಿ ನೋಡದೆ ತರಬೇಡಿ. ಎರಡನೆಯದು, ಇಡುವ ಜಾಗ. ಕಂಪ್ಯೂಟರ್ ಟೇಬಲ್‌ಗಳಲ್ಲಿ ಸಿಪಿಯು ಇಡಲು ಅಂತ ಒಂದು ಗೂಡು ಮಾಡಿರುತ್ತಾರಲ್ಲ, ಹಿಂದೆ ಹಲಗೆ ಹೊಡೆದಿದ್ದರೆ ಅದು ಕಂಪ್ಯೂಟರಿನ ಪಾಲಿಗೆ ಓವನ್. ಹೊರಗೆ ಹೋದ ಬಿಸಿಗಾಳಿ ಗೂಡಿನಲ್ಲೇ ಸುತ್ತಿ ಮುಂದಿನಿಂದ ಮತ್ತೆ ಒಳಗೆ ಬರುತ್ತದೆ. ಹಿಂದಿನ ಹಲಗೆ ತೆಗೆಸಿ, ಇಲ್ಲವೇ ಕ್ಯಾಬಿನೆಟ್ಟನ್ನು ಟೇಬಲ್ ಪಕ್ಕಕ್ಕೆ ತಂದಿಡಿ.

ಇನ್ನೊಂದು ಮಾತು, ಮುಖ್ಯವಾಗಿ ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಓದುಗರಿಗೆ. ಯಾವ ಫ್ಯಾನೂ ಗಾಳಿಯನ್ನು ತಂಪು ಮಾಡುವುದಿಲ್ಲ, ಕೋಣೆಯ ಗಾಳಿಯನ್ನು ಒಳಗೆ ಸಾಗಿಸುತ್ತದೆ ಅಷ್ಟೇ. ಕೋಣೆ 28 ಡಿಗ್ರಿ ಇದ್ದಾಗ 75 ತೋರಿಸುತ್ತಿದ್ದ ಪ್ರೊಸೆಸರ್, ಕೋಣೆ 38 ಆದಾಗ ಅದೇ ಕೆಲಸಕ್ಕೆ ಹೆಚ್ಚುಕಮ್ಮಿ 85 ತೋರಿಸುತ್ತದೆ. ಅದಕ್ಕೆ ಗಾಬರಿ ಬೇಡ. ಎಎಂಡಿಯ ರೈಜನ್ 7000 ಸರಣಿಯ ಹಲವು ಪ್ರೊಸೆಸರ್‌ಗಳಿಗೆ 95 ಡಿಗ್ರಿವರೆಗೆ, ಇಂಟೆಲ್‌ನ ಬಹಳಷ್ಟಕ್ಕೆ 100ರವರೆಗೆ ಮಿತಿ ಇದೆ. ಆ ಮಿತಿ ಮುಟ್ಟಿದರೆ ಅವು ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ. ದಿನವೂ ಮಿತಿ ಮುಟ್ಟುತ್ತಿದ್ದರೆ ಮಾತ್ರ ಯೋಚನೆ ಮಾಡಿ.

ಕೊಳ್ಳುವಾಗ ನಾಲ್ಕು ಪಿನ್ನಿನ ಫ್ಯಾನ್ ಕೇಳಿ, ಕರೆಂಟ್ ಕೊಡುವ ಡಬ್ಬಿಗಲ್ಲ (ಎಸ್‌ಎಂಪಿಎಸ್), ಮದರ್‌ಬೋರ್ಡಿಗೇ ಜೋಡಿಸಿ. ಆಗ ಬಿಸಿಗೆ ತಕ್ಕಂತೆ ವೇಗ ಹೆಚ್ಚುಕಡಿಮೆ ಮಾಡಲು ಬಯೋಸ್‌ನಲ್ಲೇ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ಸ್) ಸೆಟ್ ಮಾಡಬಹುದು. ಎರಡು ಮೂರು ತಿಂಗಳಿಗೊಮ್ಮೆ ಫಿಲ್ಟರ್ ತೆಗೆದು ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿ. ಬ್ಲೋವರ್ ಹಿಡಿದು ಧೂಳು ಊದುವಾಗ ಫ್ಯಾನಿನ ಎಲೆಯನ್ನು ಒಂದು ಬೆರಳಿನಿಂದ ಒತ್ತಿ ಹಿಡಿಯಿರಿ. ಬಿಟ್ಟರೆ ಅದು ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ.