ಮನೆಯಿಂದ ಹೊರಗೇ ಬಿಡದ ಮಗುವಿಗೆ ಸೋಂಕು ಎಲ್ಲಿಂದ ಬಂತು?

"ಡಾಕ್ಟ್ರೇ, ಹೊರಗ ಬಿಟ್ಟಿಲ್ರೀ, ಯಾರನ್ನೂ ಹತ್ರ ಬರಗೊಟ್ಟಿಲ್ಲ, ಕಾಯಿಸಿದ ನೀರ ಕುಡಸೇನಿ, ಮತ್ತ ಈ ಇನ್ಫೆಕ್ಷನ್ ಎಲ್ಲಿಂದ ಬಂತ್ರೀ?"

ಮುಂಬೈನ ಪರೇಲ್ ಸುತ್ತಮುತ್ತ ಕೆಲಸ ಮಾಡುವ ಮಕ್ಕಳ ವೈದ್ಯರಿಗೆ, ಅದರಲ್ಲೂ ಕನ್ನಡ ಬಲ್ಲವರಿಗೆ, ಈ ಪ್ರಶ್ನೆ ಚೆನ್ನಾಗಿ ಗೊತ್ತು. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಮಗುವಿನ ರಕ್ತದ ಕ್ಯಾನ್ಸರ್ ಚಿಕಿತ್ಸೆಗೆ ಮುಂಬೈಗೆ ಬಂದು, ಬಾಡಿಗೆ ರೂಮಿನಲ್ಲೋ ಧರ್ಮಶಾಲೆಯಲ್ಲೋ ತಿಂಗಳುಗಟ್ಟಲೆ ಇರುವ ತಾಯಂದಿರು ಇದನ್ನು ಕೇಳುತ್ತಾರೆ. ಡೊಂಬಿವಲಿ, ಮುಲುಂಡ್ ಕಡೆಯ ನಮ್ಮ ಕನ್ನಡ ಕುಟುಂಬಗಳೂ ಕೇಳುತ್ತವೆ. ಕೇಳುವಾಗ ಮುಖದಲ್ಲಿ ತಪ್ಪು ಮಾಡಿದವರ ಅಳುಕು ಇರುತ್ತದೆ, ಯಾಕೆಂದರೆ ಮನೆಯಲ್ಲಿ ಯಾರೋ ಆಗಲೇ "ನೀನು ಸರಿಯಾಗಿ ನೋಡಿಕೊಳ್ಳಲಿಲ್ಲ" ಅಂತ ಹೇಳಿಬಿಟ್ಟಿರುತ್ತಾರೆ.

ಅವರಿಗೆ ನಾನು ಮೊದಲು ಹೇಳುವುದು ಇಷ್ಟೇ. ಅಮ್ಮಾ, ಬಹಳ ಸಲ ಈ ಬ್ಯಾಕ್ಟೀರಿಯಾ ಹೊರಗಿನಿಂದ ಬಂದಿರುವುದಿಲ್ಲ. ಮಗುವಿನ ಕರುಳಲ್ಲೋ, ಬಾಯಲ್ಲೋ, ಚರ್ಮದ ಮೇಲೋ ಮೊದಲಿಂದಲೂ ಇತ್ತು. ಅಲ್ಲಿದ್ದಾಗ ತೊಂದರೆ ಕೊಡಲಿಲ್ಲ, ಈಗ ರಕ್ತಕ್ಕೆ ದಾಟಿದೆ. ನೀವು ಬಾಗಿಲು ಎಷ್ಟು ಭದ್ರ ಮಾಡಿದ್ದರೂ ಇದು ತಪ್ಪುತ್ತಿರಲಿಲ್ಲ.

ನಮ್ಮ ಮೈಯೊಳಗೆ ಮತ್ತು ಮೈಮೇಲೆ ಇರುವ ಸೂಕ್ಷ್ಮಜೀವಿಗಳ ಇಡೀ ಬಳಗಕ್ಕೆ ಮೈಕ್ರೋಬಯೋಮ್ ಎನ್ನುತ್ತಾರೆ. 2016ರಲ್ಲಿ ಇಸ್ರೇಲಿನ ವೈಜ್ಮನ್ ಸಂಸ್ಥೆಯವರು ಹಾಕಿದ ಲೆಕ್ಕದ ಪ್ರಕಾರ ಒಬ್ಬ ವಯಸ್ಕನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ, ನಮ್ಮದೇ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಈ ಬ್ಯಾಕ್ಟೀರಿಯಾಗಳ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಸುಮ್ನೆ ಕೂತಿರುವುದಿಲ್ಲ. ನಾವು ಅರಗಿಸಲಾಗದ ನಾರನ್ನು ಒಡೆದು ಬ್ಯುಟಿರೇಟ್‌ನಂಥ ಆಮ್ಲಗಳನ್ನು ಮಾಡುತ್ತವೆ, ಕರುಳಿನ ಒಳಪದರದ ಕೋಶಗಳಿಗೆ ಅದೇ ಮುಖ್ಯ ಆಹಾರ. ಪಿತ್ತದ ಆಮ್ಲಗಳ ರೂಪ ಬದಲಿಸಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ, ಆ್ಯಂಟಿಬಯಾಟಿಕ್ ನಂತರ ಕೆಟ್ಟ ಭೇದಿ ತರುವ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತವೆ. ಎಲ್ಲಕ್ಕಿಂತ ಜಾಸ್ತಿ, ಜಾಗ ಬಿಟ್ಟುಕೊಡುವುದಿಲ್ಲ. ಬೆಳಗಿನ ಡೊಂಬಿವಲಿ ಫಾಸ್ಟ್ ಲೋಕಲ್ ನೆನಪಿಸಿಕೊಳ್ಳಿ, ದಿನಾ ಬರುವವರು ಸೀಟು ಹಿಡಿದು ಕೂತಿರುವಾಗ ಹೊಸಬನಿಗೆ ಒಂದು ಕಾಲಿಡಲೂ ಕಷ್ಟ. ಆ್ಯಂಟಿಬಯಾಟಿಕ್ ಆ ಡಬ್ಬಿಯನ್ನು ಖಾಲಿ ಮಾಡುತ್ತದೆ. ಆಮೇಲೆ ಮೊದಲು ನುಗ್ಗುವವರು ಯಾರು? ಆ ಔಷಧಿಗೆ ಬಗ್ಗದವರು.

ಆರೋಗ್ಯವಾಗಿರುವ ಮಗುವಿನಲ್ಲಿ ಇದು ಕೆಲವು ವಾರಗಳಲ್ಲಿ ಬಹುಮಟ್ಟಿಗೆ ಸರಿಹೋಗುತ್ತದೆ. ದೀರ್ಘ ಕಾಯಿಲೆ ಇರುವ ಮಗುವಿಗೆ ಅಷ್ಟು ಬಿಡುವು ಸಿಗುವುದಿಲ್ಲ. ಒಂದು ಆ್ಯಂಟಿಬಯಾಟಿಕ್ ಮುಗಿಯುವುದರೊಳಗೆ ಇನ್ನೊಂದು ಶುರುವಾಗಿರುತ್ತದೆ, ಜೊತೆಗೆ ಸ್ಟಿರಾಯ್ಡ್, ಆ್ಯಸಿಡಿಟಿ ಮಾತ್ರೆ, ಆಸ್ಪತ್ರೆವಾಸ, ಅರೆಬರೆ ಊಟ.

ಕೀಮೋ ನಡೆಯುತ್ತಿರುವ ಮಗುವನ್ನೇ ನೋಡಿ. ಕೀಮೋ ಕ್ಯಾನ್ಸರ್ ಕೋಶಗಳ ಜೊತೆ ಬೇಗ ಬೆಳೆಯುವ ಬೇರೆ ಕೋಶಗಳನ್ನೂ ಹೊಡೆಯುತ್ತದೆ, ಹಾಗಾಗಿ ಬಾಯಿಯ ಮತ್ತು ಕರುಳಿನ ಒಳಪದರ ಹುಣ್ಣಾಗುತ್ತದೆ. ಅದೇ ಹೊತ್ತಿಗೆ ಬಿಳಿ ರಕ್ತಕಣ ಬೀಳುತ್ತದೆ, ತಂದೆತಾಯಿ "ಕೌಂಟ್ ಡೌನ್ ಆಗಿದೆ" ಅನ್ನುತ್ತಾರಲ್ಲ, ಅದು. ಗೋಡೆ ಬಿರುಕು, ಕಾವಲೂ ಇಲ್ಲ. ಕರುಳಿನ ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಬಾಯಿಯ ಸ್ಟ್ರೆಪ್ಟೋಕಾಕಸ್, ಲೈನ್ (ಔಷಧಿಗಾಗಿ ರಕ್ತನಾಳಕ್ಕೆ ಹಾಕಿಡುವ ಕೊಳವೆ) ಹಾಕಿದ ಜಾಗದ ಚರ್ಮದ ಸ್ಟೆಫೈಲೋಕಾಕಸ್, ಯಾವುದು ಬೇಕಾದರೂ ರಕ್ತಕ್ಕೆ ಇಳಿಯಬಹುದು. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯವರು 2012ರಲ್ಲಿ ಸ್ಟೆಮ್ ಸೆಲ್ ಕಸಿ ಮಾಡಿಸಿಕೊಂಡ ವಯಸ್ಕರ ಮಲ ಪರೀಕ್ಷಿಸಿ ತೋರಿಸಿದ್ದೂ ಇದನ್ನೇ. ಕರುಳಿನಲ್ಲಿ ವೈವಿಧ್ಯ ಹೋಗಿ ಒಂದೇ ಜಾತಿಯ ಬ್ಯಾಕ್ಟೀರಿಯಾ ಮೇಲುಗೈ ಪಡೆದವರಲ್ಲಿ, ಅದೇ ಬ್ಯಾಕ್ಟೀರಿಯಾ ರಕ್ತದಲ್ಲಿ ಕಾಣಿಸಿಕೊಳ್ಳುವ ಅಪಾಯ ಹಲವು ಪಟ್ಟು ಹೆಚ್ಚಿತ್ತು.

ಆದ್ದರಿಂದ ಕೌಂಟ್ ಕಡಿಮೆ ಇರುವ ಮಗುವಿಗೆ ಜ್ವರ 100.4 ಡಿಗ್ರಿ ಮುಟ್ಟಿತು ಅಂದರೆ ಬೆಳಗಾಗುವವರೆಗೆ ಕಾಯಬೇಡಿ. ಪ್ಯಾರಾಸಿಟಮಾಲ್ ಕೊಟ್ಟು "ಇಳಿಯುತ್ತಾ ನೋಡೋಣ" ಅಂತಲೂ ಕೂರಬೇಡಿ, ಜ್ವರ ಇಳಿದರೂ ಸೋಂಕು ಒಳಗೇ ಇರುತ್ತದೆ. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ನರಕ್ಕೆ ಆ್ಯಂಟಿಬಯಾಟಿಕ್ ಹೋಗಬೇಕು. ಗುದದ್ವಾರದಿಂದ ಟೆಂಪರೇಚರ್ ನೋಡುವುದು, ಅಲ್ಲಿ ಮಾತ್ರೆ ಇಡುವುದು, ಎನಿಮಾ ಕೊಡುವುದು ಬೇಡವೇ ಬೇಡ, ಅಲ್ಲಿ ಸಣ್ಣ ಗೀರು ಬಿದ್ದರೂ ಬ್ಯಾಕ್ಟೀರಿಯಾಕ್ಕೆ ದಾರಿಯಾಗುತ್ತದೆ. ಜುಲೈ ಮಳೆಗೆ ಟ್ರ್ಯಾಕ್ ಮುಳುಗಿ ಲೋಕಲ್ ನಿಂತಾಗ ಡೊಂಬಿವಲಿಯಿಂದ ಪರೇಲ್ ತಲುಪುವುದು ಎಷ್ಟು ಕಷ್ಟ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಅದಕ್ಕೇ ಮಳೆಗಾಲಕ್ಕೆ ಮೊದಲೇ ನಿಮ್ಮ ಕ್ಯಾನ್ಸರ್ ಡಾಕ್ಟರ ಹತ್ತಿರ ಒಂದು ಚೀಟಿ ಬರೆಸಿಟ್ಟುಕೊಳ್ಳಿ: ಮಗುವಿಗೆ ಏನು ಕಾಯಿಲೆ, ಜ್ವರ ಬಂದರೆ ಮೊದಲ ಡೋಸ್ ಯಾವುದು, ಎಷ್ಟು. ಮನೆ ಹತ್ತಿರದ ಯಾವ ಆಸ್ಪತ್ರೆಯವರು ಅದನ್ನು ಕೊಡುತ್ತಾರೆ ಅಂತ ಹಗಲು ಹೊತ್ತಿನಲ್ಲೇ ಹೋಗಿ ವಿಚಾರಿಸಿ.

ಇದನ್ನು ಒತ್ತಿ ಹೇಳಲು ಕಾರಣ ಇದೆ. "ಆ್ಯಂಟಿಬಯಾಟಿಕ್ ಕೆಟ್ಟದ್ದು, ಒಳ್ಳೆ ಬ್ಯಾಕ್ಟೀರಿಯಾ ಸಾಯುತ್ತವೆ" ಅಂತ ಎಲ್ಲೋ ಓದಿ, ಇಂಥ ಜ್ವರದಲ್ಲೂ ತಡಮಾಡುವವರನ್ನು ಈಚೆಗೆ ನೋಡುತ್ತಿದ್ದೇನೆ. ಸಂಕಟವಾಗುತ್ತದೆ. ಓದಿದ್ದು ಸುಳ್ಳಲ್ಲ, ಆದರೆ ಆ ಗಳಿಗೆಗೆ ಅದು ಸಲ್ಲುವುದಿಲ್ಲ.

ಆ್ಯಂಟಿಬಯಾಟಿಕ್ ಉಳಿಸಬೇಕಾದ ಜಾಗ ಬೇರೆ. ಹುಟ್ಟಿನಿಂದ ಬೆನ್ನುಹುರಿಯ ತೊಂದರೆ ಇದ್ದು ದಿನಾ ಟ್ಯೂಬ್ ಹಾಕಿ ಮೂತ್ರ ತೆಗೆಯುವ ಮಕ್ಕಳಿದ್ದಾರೆ. ಮೂತ್ರ ಸ್ವಲ್ಪ ವಾಸನೆ ಬಂತು ಅಂತ ಲ್ಯಾಬಿಗೆ ಕೊಡುತ್ತಾರೆ, ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯ ರಿಪೋರ್ಟಿನಲ್ಲಿ ಇ. ಕೋಲೈ ಅಂತ ದಪ್ಪ ಅಕ್ಷರದಲ್ಲಿ ಬರುತ್ತದೆ, ಕೆಳಗೆ ಔಷಧಿಗಳ ಉದ್ದ ಪಟ್ಟಿ, ಕೆಮಿಸ್ಟ್ ಅದನ್ನು ನೋಡಿ ಒಂದನ್ನು ಕೊಟ್ಟೇಬಿಡುತ್ತಾನೆ. ಮಗುವಿಗೆ ಜ್ವರ ಇಲ್ಲ, ನೋವಿಲ್ಲ, ಆಟ ಆಡುತ್ತಿದೆ! ಇಂಥ ಮಕ್ಕಳ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ಮಾಮೂಲು, ಲಕ್ಷಣ ಇಲ್ಲದಿದ್ದರೆ ಸಾಮಾನ್ಯವಾಗಿ ಔಷಧಿ ಬೇಡ. ಕೊಟ್ಟರೆ ಬಗ್ಗುವ ಇ. ಕೋಲೈ ಹೋಗಿ ಬಗ್ಗದ ಇ. ಕೋಲೈ ಬಂದು ಕೂರುತ್ತದೆ, ಮುಂದೆ ನಿಜವಾಗಿ ಜ್ವರ ಬಂದ ದಿನ ಬಾಯಿಗೆ ಹಾಕುವ ಯಾವ ಔಷಧಿಯೂ ಉಳಿದಿರುವುದಿಲ್ಲ. ಇವರಿಗೆ ಔಷಧಿಗಿಂತ ಹೆಚ್ಚು ನೆರವಾಗುವುದು ಹೊತ್ತಿಗೆ ಸರಿಯಾಗಿ ಟ್ಯೂಬ್ ಹಾಕುವುದು ಮತ್ತು ಮಲಬದ್ಧತೆ ಆಗದಂತೆ ನೋಡಿಕೊಳ್ಳುವುದು.

ನೆಫ್ರೋಟಿಕ್ ಎಂಬ, ಮೈ ಊದಿಸುವ ಮೂತ್ರಪಿಂಡದ ಕಾಯಿಲೆ ಇರುವ ಮಕ್ಕಳ ಕಥೆ ಇನ್ನೊಂದು ಥರ. ಮೂತ್ರದಲ್ಲಿ ಪ್ರೋಟೀನ್ ಹೋಗುವಾಗ ರೋಗ ತಡೆಯುವ ಪ್ರೋಟೀನುಗಳೂ ಹೋಗಿಬಿಡುತ್ತವೆ. ನ್ಯೂಮೋಕಾಕಸ್ ಎಂಬ ಬ್ಯಾಕ್ಟೀರಿಯಾ ಎಷ್ಟೋ ಆರೋಗ್ಯವಂತ ಮಕ್ಕಳ ಮೂಗಿನಲ್ಲೇ ವಾಸವಾಗಿರುತ್ತದೆ, ಈ ಮಕ್ಕಳಲ್ಲಿ ಅದು ಹೊಟ್ಟೆಯಲ್ಲಿ ತುಂಬಿದ ನೀರಿಗೆ ಸೇರಿ ಜೀವಕ್ಕೇ ಕುತ್ತಾಗಬಹುದು. ಬಾವು ಇರುವ ಮಗು ಹೊಟ್ಟೆನೋವು ಅಂದರೆ ಜ್ವರ ಇಲ್ಲದಿದ್ದರೂ ಕರೆತನ್ನಿ, ಸ್ಟಿರಾಯ್ಡ್ ಜ್ವರವನ್ನು ಮುಚ್ಚಿಹಾಕುತ್ತದೆ. ನ್ಯೂಮೋಕಾಕಸ್ ಲಸಿಕೆ 2017ರಿಂದ ಹಂತಹಂತವಾಗಿ ಸರ್ಕಾರಿ ಕಾರ್ಯಕ್ರಮಕ್ಕೆ ಬಂದಿದೆ. ಈ ಮಕ್ಕಳಿಗೆ ಎರಡು ವರ್ಷ ತುಂಬಿದ ಮೇಲೆ ಅದರ ಇನ್ನೊಂದು ಬಗೆಯ ಲಸಿಕೆಯೂ ಬೇಕಾಗುತ್ತದೆ, ಕೇಳಿ ಹಾಕಿಸಿಕೊಳ್ಳಿ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ಒಳ್ಳೆ ಬ್ಯಾಕ್ಟೀರಿಯಾ ಸತ್ತಿದ್ದರೆ ಪ್ರೊಬಯಾಟಿಕ್ ಪುಡಿ ಕೊಟ್ಟರಾಯಿತು, ಅಲ್ವಾ? ಅಷ್ಟು ಸುಲಭ ಅಲ್ಲ. ಒಡಿಶಾದಲ್ಲಿ ಹಳ್ಳಿಗಳ 4,500ಕ್ಕೂ ಹೆಚ್ಚು ಆರೋಗ್ಯವಂತ ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ ನಿಜಕ್ಕೂ ಹೆಮ್ಮೆಪಡುವಂಥದ್ದು. ಒಂದು ನಿರ್ದಿಷ್ಟ ಲ್ಯಾಕ್ಟೋಬ್ಯಾಸಿಲಸ್ ತಳಿಯನ್ನು ಅದಕ್ಕೆ ಆಹಾರವಾಗುವ ಸಕ್ಕರೆಯ ಜೊತೆ ಒಂದು ವಾರ ಕೊಟ್ಟಾಗ ರಕ್ತದ ಸೋಂಕು ಮತ್ತು ಸಾವು ಒಟ್ಟಾಗಿ 9ರಿಂದ 5.4 ಶೇಕಡಾಕ್ಕೆ ಇಳಿಯಿತು. ಆದರೆ ಅದು ಆ ತಳಿ, ಆ ವಯಸ್ಸು, ಗಟ್ಟಿಮುಟ್ಟಾದ ಮಕ್ಕಳು. ಅಂಗಡಿಯಲ್ಲಿ ಸಿಗುವ ಯಾವುದೋ ಸ್ಯಾಶೆಗೆ ಆ ಫಲಿತಾಂಶ ಅಂಟಿಸಲು ಬರುವುದಿಲ್ಲ. 2018ರಲ್ಲಿ ಪ್ರಕಟವಾದ ಇಸ್ರೇಲಿನ ಪ್ರಯೋಗದಲ್ಲಿ ಆ್ಯಂಟಿಬಯಾಟಿಕ್ ನಂತರ ಪ್ರೊಬಯಾಟಿಕ್ ತಗೊಂಡವರ ಸ್ವಂತ ಬ್ಯಾಕ್ಟೀರಿಯಾ ವಾಪಸ್ ಬರಲು ಇನ್ನೂ ತಡವಾಯಿತು. ಕೌಂಟ್ ಇಲ್ಲದ ಮಗುವಿಗೆ, ಲೈನ್ ಹಾಕಿರುವ ಮಗುವಿಗೆ ಅಪಾಯ ನೇರವಾದದ್ದು, ಪುಡಿಯಲ್ಲಿರುವ ಜೀವಿಯೇ ರಕ್ತಕ್ಕೆ ಸೇರಿದ ಪ್ರಕರಣಗಳಿವೆ. ಸ್ಯಾಕರೋಮೈಸಿಸ್ ಎಂಬ ಈಸ್ಟ್ ಸ್ಯಾಶೆಯನ್ನು ಹಾಸಿಗೆ ಪಕ್ಕದಲ್ಲಿ ಹರಿದರೂ ಪುಡಿ ಹಾರಿ ಲೈನಿಗೆ ತಾಗಬಹುದು. ನಮ್ಮನ್ನು ಕೇಳದೆ ಕೊಡಬೇಡಿ.

ಮೊಸರು? ಕಾಯಿಲೆ ಹತೋಟಿಯಲ್ಲಿದ್ದು ಕೌಂಟ್ ಸರಿ ಇರುವ ಮಗುವಿಗೆ ಮನೆಯಲ್ಲಿ ಹೆಪ್ಪು ಹಾಕಿದ ತಾಜಾ ಮೊಸರನ್ನ ಧಾರಾಳವಾಗಿ ಕೊಡಿ. ಕೌಂಟ್ ಬಿದ್ದಾಗ ನಿಮ್ಮ ಆಸ್ಪತ್ರೆಯವರು ಹೇಳಿದಂತೆ ಮಾಡಿ. ಆದರೆ ಹಣ್ಣು ಬೇಡ, ತರಕಾರಿ ಬೇಡ ಅಂತ ಮಗುವಿಗೆ ಬರೀ ಗಂಜಿ, ಬಿಸ್ಕತ್ತು ಕೊಟ್ಟು ಸೊರಗಿಸಬೇಡಿ. ಕೀಮೋ ಪಡೆಯುವ ಮಕ್ಕಳಲ್ಲಿ ಕಟ್ಟುನಿಟ್ಟಿನ ಪಥ್ಯ ಮತ್ತು ಶುದ್ಧವಾಗಿ ಮಾಡಿದ ಸಾಮಾನ್ಯ ಊಟ ಎರಡನ್ನೂ ಹೋಲಿಸಿ ನೋಡಿದಾಗ ಸೋಂಕಿನಲ್ಲಿ ವ್ಯತ್ಯಾಸ ಕಂಡಿಲ್ಲ. ತೊಳೆದು, ಸಿಪ್ಪೆ ತೆಗೆದು, ಚೆನ್ನಾಗಿ ಬೇಯಿಸಿ ಕೊಡಿ. ಕರುಳಿನ ಬ್ಯಾಕ್ಟೀರಿಯಾಕ್ಕೂ ಆ ನಾರು ಬೇಕು. ಮೆದು ಬ್ರಷ್ಷಿನಿಂದ ದಿನಾ ಎರಡು ಸಲ ಹಲ್ಲುಜ್ಜಿಸಿ. ಬಾಯಿ ಹುಣ್ಣಿನ ದಿನಗಳಲ್ಲಿ ಇದನ್ನೇ ಬಿಟ್ಟುಬಿಡುತ್ತಾರೆ, ಆಗಲೇ ಇದು ಹೆಚ್ಚು ಬೇಕಾಗಿರುವುದು.

ಒಂದು ಕೆಲಸ ಇವತ್ತೇ ಮಾಡಿ. ಮಗುವಿನ ಫೈಲಿನ ಮೊದಲ ಪುಟದಲ್ಲಿ ಈ ವರ್ಷ ಕೊಟ್ಟ ಪ್ರತಿಯೊಂದು ಆ್ಯಂಟಿಬಯಾಟಿಕ್ ಹೆಸರು, ಯಾವಾಗ, ಎಷ್ಟು ದಿನ ಅಂತ ಬರೆದಿಡಿ, ಕನ್ನಡದಲ್ಲಿ ಬರೆದರೂ ಸಾಕು, ಹೆಸರು ಗೊತ್ತಿಲ್ಲದಿದ್ದರೆ ಖಾಲಿ ಸ್ಟ್ರಿಪ್ಪನ್ನೇ ಅಂಟಿಸಿ. ರಾತ್ರಿ ಎರಡು ಗಂಟೆಗೆ ಜ್ವರದ ಮಗುವನ್ನು ತಂದಾಗ ಡ್ಯೂಟಿ ಡಾಕ್ಟರಿಗೆ ಕಲ್ಚರ್ ರಿಪೋರ್ಟ್ ಕೈಯಲ್ಲಿರುವುದಿಲ್ಲ, ಅದು ಬರಲು ಎರಡು ದಿನ ಬೇಕು. ಈ ಮಗುವಿನ ಕರುಳಲ್ಲಿ ಈಗ ಯಾವ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಇರಬಹುದು ಅಂತ ಅಂದಾಜು ಮಾಡಲು ಅವರಿಗೆ ಆ ಪುಟ ಬಹಳ ನೆರವಾಗುತ್ತದೆ. "ಕೆಂಪು ಸಿರಪ್ ಕೊಟ್ಟಿದ್ವಿ" ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ.