ಸೀಸದ ಗುಂಡಿನ ಬುಡಕ್ಕೆ ತಾಮ್ರದ ಬಟ್ಟಲು ಓರೆಯಾಗಿ ಕೂರುವುದೇಕೆ?

ಓದುಗರ ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಕಾಫಿ ಬೆಳೆಗಾರ. ಅಮೆರಿಕದಲ್ಲಿರುವ ಮಗನ ಮನೆಯಲ್ಲಿ ನಾಲ್ಕು ತಿಂಗಳು ಇದ್ದು ಈಚೆಗೆ ಊರಿಗೆ ಮರಳಿದ್ದೇನೆ. ಗುರಿ ಅಭ್ಯಾಸಕ್ಕೆ ಬೇಕಾದ ರೈಫಲ್ ಗುಂಡುಗಳನ್ನು ಅವನು ಮನೆಯಲ್ಲೇ ಸೀಸ ಕರಗಿಸಿ ಎರೆದುಕೊಳ್ಳುತ್ತಾನೆ. ಪ್ರತಿ ಗುಂಡಿನ ಬುಡಕ್ಕೂ ‘ಗ್ಯಾಸ್ ಚೆಕ್’ ಎಂಬ ತಾಮ್ರದ ಪುಟ್ಟ ಬಟ್ಟಲನ್ನು ತೊಡಿಸುತ್ತಾನೆ. ಹತ್ತರಲ್ಲಿ ಎರಡು ಮೂರು ಓರೆಯಾಗಿ ಕೂರುತ್ತಿದ್ದವು. ಇದಕ್ಕೆಂದೇ ಬೇರೆ ಸಾಧನ ಬೇಕೇ? ಯಾವುದು ಒಳ್ಳೆಯದು? ನಮ್ಮ ತೋಟದ ಮನೆಯಲ್ಲೂ ಲೈಸೆನ್ಸ್ ಇರುವ ಕೋವಿ ಇದೆ. ಅಂಥದ್ದೊಂದನ್ನು ಇಲ್ಲಿಗೆ ತರಿಸಿಕೊಳ್ಳಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ದಯವಿಟ್ಟು ತರಿಸಬೇಡಿ. 1959ರ ಆಯುಧ ಕಾಯ್ದೆಯು ‘ಮದ್ದುಗುಂಡು’ ಎಂಬ ಮಾತಿಗೆ ಕೊಡುವ ಅರ್ಥದಲ್ಲಿ ಸಿದ್ಧ ಕಾಡತೂಸು ಮಾತ್ರವಲ್ಲ, ಅದರ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರೋಪಕರಣಗಳೂ ಸೇರಿವೆ. ಪರವಾನಗಿಯಿಲ್ಲದೆ ಅವನ್ನು ತಯಾರಿಸುವುದನ್ನು ಆ ಕಾಯ್ದೆಯ 5ನೇ ಕಲಮು ನಿಷೇಧಿಸುತ್ತದೆ. ವಿದೇಶದಿಂದ ತರುವುದು 10ನೇ ಕಲಮಿನ ವ್ಯಾಪ್ತಿಗೆ ಬರುತ್ತದೆ. ನಿಮ್ಮಲ್ಲಿರುವ ಕೋವಿಯ ಲೈಸೆನ್ಸ್ ಕೋವಿಯನ್ನು ಇಟ್ಟುಕೊಳ್ಳಲು ಮತ್ತು ಅದರಲ್ಲಿ ನಮೂದಿಸಿದಷ್ಟು ಕಾಡತೂಸನ್ನು ಪರವಾನಗಿ ಪಡೆದ ಅಂಗಡಿಯಿಂದ ಕೊಳ್ಳಲು ಕೊಟ್ಟ ಅನುಮತಿಯೇ ಹೊರತು ತಯಾರಿಕೆಗೆ ಕೊಟ್ಟ ಅನುಮತಿಯಲ್ಲ. ಪಕ್ಕದ ಕೊಡಗಿನ ಲೈಸೆನ್ಸ್ ವಿನಾಯಿತಿಯನ್ನು ನಮ್ಮ ಕಡೆಯ ಕೆಲವರು ಇಂಥ ಸಂದರ್ಭದಲ್ಲಿ ಉದಾಹರಿಸುವುದುಂಟು. ಆ ವಿನಾಯಿತಿ ಅಲ್ಲಿನ ಕೆಲವರಿಗೆ, ಕೋವಿ ಹೊಂದುವ ವಿಷಯಕ್ಕೆ ಮಾತ್ರ ಸಂಬಂಧಿಸಿದ್ದು. ಅಮೆರಿಕದ ಸಂಯುಕ್ತ ಸರ್ಕಾರದ ಕಾನೂನಿನ ಪ್ರಕಾರ ಮಾರಾಟದ ಉದ್ದೇಶವಿಲ್ಲದೆ ಸ್ವಂತ ಬಳಕೆಗೆ ಗುಂಡು ತಯಾರಿಸಿಕೊಳ್ಳಲು ಲೈಸೆನ್ಸ್ ಬೇಕಿಲ್ಲ. ಆದರೆ ನಿಮ್ಮ ಮಗ ಅಲ್ಲಿ ಮಾಡುವುದನ್ನು ನೀವು ಇಲ್ಲಿ ಮಾಡುವಂತಿಲ್ಲ.

ಇನ್ನೂ ಒಂದು ಮಾತಿದೆ. ಮಲೆನಾಡಿನ ತೋಟದ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಹನ್ನೆರಡು ಬೋರಿನ ಕೋವಿ. ಅದರ ನಳಿಗೆಯ ಒಳಮೈ ನುಣುಪಾಗಿರುತ್ತದೆ, ಮದ್ದಿಗೂ ಚರೆಗೂ ನಡುವೆ ಇರುವ ಬಿಲ್ಲೆಯೇ ಅನಿಲವನ್ನು ತಡೆಯುತ್ತದೆ. ತಾಮ್ರದ ಬಟ್ಟಲಿಗೆ ಅಲ್ಲಿ ಕೆಲಸವೇ ಇಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಹಾಸನದ ವರ್ಕ್‌ಶಾಪುಗಳಲ್ಲಿ ಲೇತ್ ಮತ್ತು ಪ್ರೆಸ್‌ಗಳ ಜೊತೆ ಬಹುಕಾಲ ಕಳೆದವನಾಗಿ, ಇದನ್ನು ಬಂದೂಕಿನ ಪ್ರಶ್ನೆಗಿಂತ ಹೆಚ್ಚಾಗಿ ಜೋಡಣೆಯ ಪ್ರಶ್ನೆಯಾಗಿ ನಾನು ನೋಡುತ್ತೇನೆ. ಒನಕೆಯ ತುದಿಗೆ ಅಣಸು ತೊಡಿಸುವುದನ್ನು ನೀವು ಕಂಡಿರುತ್ತೀರಿ. ಮರದ ತುದಿಯನ್ನು ಒಂದಿಷ್ಟು ಕಿರಿದಾಗಿ ಕೆತ್ತಿ, ಅದರ ಮೇಲೆ ಕಬ್ಬಿಣದ ಬಳೆಯನ್ನು ಬಿಗಿಯಾಗಿ ಕೂರಿಸುತ್ತಾರೆ. ಮೊದಲ ಪೆಟ್ಟು ಓರೆಯಾಗಿ ಬಿದ್ದರೆ ಆಮೇಲೆ ಎಷ್ಟು ಬಡಿದರೂ ಅಣಸು ನೆಟ್ಟಗಾಗುವುದಿಲ್ಲ. ಗ್ಯಾಸ್ ಚೆಕ್ಕಿನ ಕಥೆಯೂ ಬಹುಮಟ್ಟಿಗೆ ಇದೇ. ಗುಂಡಿನ ಅಚ್ಚಿನಲ್ಲೇ ಬುಡದ ಭಾಗವನ್ನು ಸ್ವಲ್ಪ ಕಿರಿದಾಗಿ, ಒಂದು ಮೆಟ್ಟಿಲಿನಂತೆ ಮಾಡಿರುತ್ತಾರೆ. ತಾಮ್ರದಿಂದ, ಇಲ್ಲವೇ ತಾಮ್ರಕ್ಕೆ ಸುಮಾರು ಶೇ 5ರಷ್ಟು ಸತುವು ಬೆರೆಸಿದ ಲೋಹದಿಂದ ಒತ್ತಿ ಮಾಡಿದ ಬಟ್ಟಲು ಆ ಮೆಟ್ಟಿಲಿನ ಮೇಲೆ ಕೂರುತ್ತದೆ.

ಹೆಸರು ಹಳೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬ್ರಿಟಿಷರ ದೊಡ್ಡ ಫಿರಂಗಿಗಳ ಗುಂಡುಗಳ ಬುಡಕ್ಕೆ ತಾಮ್ರದ ತಟ್ಟೆಯನ್ನು ಜೋಡಿಸಿ ಅದನ್ನು ಇದೇ ಹೆಸರಿನಿಂದ ಕರೆಯುತ್ತಿದ್ದರು. ಕೈಬಂದೂಕಿನ ಎರಕದ ಗುಂಡಿಗೆ ಅದು ಬಂದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಅಮೆರಿಕದ ಐಡಿಯಲ್ ಎಂಬ ಅಚ್ಚು ತಯಾರಕರ ಮೂಲಕ. ಆ ಸಂಸ್ಥೆಯನ್ನು 1925ರಲ್ಲಿ ಲೈಮನ್ ಕೊಂಡಿತು.

ಈ ಬಟ್ಟಲು ಏಕೆ ಬೇಕು ಎಂಬುದನ್ನು ತಿಳಿದರೆ, ಅದು ಓರೆಯಾದಾಗ ಆಗುವ ನಷ್ಟವೂ ತಿಳಿಯುತ್ತದೆ. ಉರಿಯುವ ಮದ್ದಿನ ಬಿಸಿಗೆ ಸೀಸದ ಬುಡ ಕರಗದಂತೆ ಅದು ಕಾಯುತ್ತದೆ ಎಂದು ಹಲವರು ಹೇಳುತ್ತಾರೆ. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದು ನಿಜವಾದರೂ, ಗುಂಡು ನಳಿಗೆಯಲ್ಲಿರುವುದು ಸೆಕೆಂಡಿನ ಸಾವಿರದ ಒಂದೆರಡು ಭಾಗದಷ್ಟು ಹೊತ್ತು ಮಾತ್ರವಾದ್ದರಿಂದ ಅಷ್ಟರಲ್ಲಿ ಬುಡ ಕರಗಿ ಹೋಗುವುದಿಲ್ಲ. ನಿಜವಾದ ಅಪಾಯ ಅಂಚಿನಲ್ಲಿದೆ. ಗುಂಡಿಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಅಪಾರ ಒತ್ತಡದ ಅನಿಲ ಅದರೊಳಗೆ ನುಗ್ಗಿ ಮೆದು ಸೀಸವನ್ನು ಕೊರೆದುಕೊಂಡು ಹೋಗುತ್ತದೆ, ಕೊರೆದ ಸೀಸ ನಳಿಗೆಯ ಒಳಮೈಗೆ ಮೆತ್ತಿಕೊಳ್ಳುತ್ತದೆ. ಸೀಸವನ್ನು ಗಟ್ಟಿಗೊಳಿಸುವ ಆಂಟಿಮನಿ ಎಂಬ ಲೋಹವನ್ನು ಎಷ್ಟು ಬೆರೆಸಿದೆ ಎಂಬುದನ್ನು ಅವಲಂಬಿಸಿ ಹೆಚ್ಚುಕಡಿಮೆಯಾದರೂ, ವೇಗ ಸೆಕೆಂಡಿಗೆ ಸುಮಾರು 400 ಮೀಟರ್ ದಾಟಿದ ಮೇಲೆ ಬರಿಯ ಸೀಸದ ಬುಡ ಈ ಕಷ್ಟಕ್ಕೆ ಸಿಲುಕತೊಡಗುತ್ತದೆ. ಸೀಸಕ್ಕಿಂತ ಬಹಳ ಗಟ್ಟಿಯಾದ ತಾಮ್ರದ ಅಂಚು ಅಲ್ಲಿ ತಡೆಯಾಗಿ ನಿಲ್ಲುತ್ತದೆ.

ಗುಂಡಿನ ದಾರಿಯನ್ನು ನಿರ್ಧರಿಸುವುದರಲ್ಲಿ ಮೂತಿಗಿಂತ ಬುಡದ ಪಾತ್ರ ದೊಡ್ಡದು. ನಳಿಗೆಯಿಂದ ಹೊರಬೀಳುವ ಕ್ಷಣದಲ್ಲಿ ಕೊನೆಯದಾಗಿ ಬಿಡುಗಡೆಯಾಗುವುದು ಬುಡ. ಹತ್ತು ಇಂಚಿಗೆ ಒಂದು ಸುತ್ತು ಹಾಕಿಸುವ ನಳಿಗೆಯಿಂದ ಸೆಕೆಂಡಿಗೆ 600 ಮೀಟರ್ ವೇಗದಲ್ಲಿ ಹೊರಟ ಗುಂಡು ಸೆಕೆಂಡಿಗೆ 2,300ಕ್ಕೂ ಹೆಚ್ಚು ಸುತ್ತು ತಿರುಗುತ್ತಿರುತ್ತದೆ. ಅಷ್ಟು ವೇಗವಾಗಿ ತಿರುಗುವ ವಸ್ತುವಿನ ಬುಡ ಒಂದು ಕಡೆಗೆ ವಾಲಿದ್ದರೆ, ಅನಿಲ ಒಂದು ಪಕ್ಕದಿಂದ ಮೊದಲು ಹೊರನುಗ್ಗಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ನಿಮ್ಮ ಮಗನ ಹತ್ತರಲ್ಲಿ ಮೂರು ಗುಂಡು ಗುರಿಯಿಂದ ದೂರ ಬೀಳುತ್ತಿದ್ದರೆ, ಬಹುಶಃ ಅವು ಈ ಮೂರೇ ಆಗಿರುತ್ತವೆ.

ಹಾಗಾದರೆ ಸಾಧನ ಮಾಡಬೇಕಾದದ್ದು ಒಂದೇ ಕೆಲಸ: ಬಟ್ಟಲಿನ ತಳವು ಗುಂಡಿನ ತಳಕ್ಕೆ ಪೂರ್ತಿಯಾಗಿ ತಾಗುವಂತೆ, ಗುಂಡಿನ ಅಕ್ಷಕ್ಕೆ ಲಂಬವಾಗಿ ಒತ್ತುವುದು. ಅದಾದ ನಂತರ ಬಟ್ಟಲಿನ ಗೋಡೆಯನ್ನು ಸುತ್ತಲಿಂದ ಹಿಸುಕಿ ಸೀಸಕ್ಕೆ ಕಚ್ಚಿಸುವುದು ಎರಡನೆಯ ಕೆಲಸ, ಅದನ್ನು ಮಾಡುವುದು ಸೈಜಿಂಗ್ ಡೈ, ಅಂದರೆ ಗುಂಡನ್ನು ತೂರಿಸಿ ಸರಿಯಾದ ಅಳತೆಗೆ ತರುವ ಉಕ್ಕಿನ ಅಚ್ಚು. ಈ ಎರಡನ್ನೂ ಒಂದೇ ಎಳೆತದಲ್ಲಿ ಮುಗಿಸುವ ಅವಸರದಿಂದಲೇ ಬಹುಪಾಲು ಬಟ್ಟಲುಗಳು ಓರೆಯಾಗುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬಟ್ಟಲು ಇನ್ನೂ ವಾಲಿರುವಾಗಲೇ ಡೈಯ ಬಾಯಿ ಅದರ ಗೋಡೆಯನ್ನು ಹಿಡಿದುಬಿಟ್ಟರೆ, ಆ ವಾಲಿಕೆ ಅಲ್ಲಿಗೇ ಶಾಶ್ವತವಾಗುತ್ತದೆ. ಪಂಪಿಗೆ ಬುಷ್ ಕೂರಿಸುವವರೂ ಮೋಟಾರಿಗೆ ಬೇರಿಂಗ್ ಕೂರಿಸುವವರೂ ಮೊದಲ ಒಂದು ಮಿಲಿಮೀಟರಿಗೆ ಕೊಡುವ ಗಮನವನ್ನು ಉಳಿದ ಇಪ್ಪತ್ತು ಮಿಲಿಮೀಟರಿಗೆ ಕೊಡುವುದಿಲ್ಲ.

ಅಲ್ಲಿ ದೊರೆಯುವ ಸಾಧನಗಳನ್ನು ಬೆಲೆಯಿಂದಲ್ಲ, ಬಲ ಯಾವ ಕಡೆಯಿಂದ ಬೀಳುತ್ತದೆ ಎಂಬುದರಿಂದ ಬೇರ್ಪಡಿಸಿ ನೋಡಬೇಕು. ಲೀ ಸಂಸ್ಥೆಯ ಸರಳ ಡೈಯಲ್ಲಿ ಗುಂಡು ಮೂತಿ ಮೇಲಾಗಿ, ಬಟ್ಟಲು ಕೆಳಗಾಗಿ ಒಂದು ಸಪಾಟು ಪಂಚ್ (ಒತ್ತುವ ಕಡ್ಡಿ) ಮೇಲೆ ನಿಲ್ಲುತ್ತದೆ. ಪ್ರೆಸ್ಸಿನ ಹಿಡಿ ಎಳೆದರೆ ಪಂಚ್ ಅದನ್ನು ಬುಡದಿಂದ ತಳ್ಳಿ ಡೈಯೊಳಗಿಂದ ಮೇಲಕ್ಕೆ ದಾಟಿಸುತ್ತದೆ. ಸ್ಟಾರ್ ಯಂತ್ರದಲ್ಲಿ ದಿಕ್ಕು ತಿರುಗುಮುರುಗಾದರೂ ಒತ್ತುವುದು ಬುಡವನ್ನೇ. ಲೈಮನ್ 4500 ಮತ್ತು ಆರ್‌ಸಿಬಿಎಸ್ ಸಂಸ್ಥೆಯ ಲ್ಯೂಬ್-ಎ-ಮ್ಯಾಟಿಕ್ ಬೇರೆ ಬಗೆಯವು. ಅವು ಗುಂಡಿಗೆ ಜಿಡ್ಡು ಹಚ್ಚುವ ಮತ್ತು ಅಳತೆಗೆ ತರುವ ಕೆಲಸಗಳೆರಡನ್ನೂ ಮಾಡುತ್ತವೆ. ಅವುಗಳಲ್ಲಿ ಗುಂಡು ಬುಡ ಮುಂದಾಗಿ ಡೈಯೊಳಗೆ ಇಳಿಯುತ್ತದೆ, ಮೇಲಿನ ಪಂಚ್ ಅದರ ಮೂತಿಯನ್ನು ಹಿಡಿದು ಒತ್ತುತ್ತದೆ. ಮೂತಿಯ ಆಕಾರಕ್ಕೆ ಪಂಚಿನ ಗುಳಿ ಹೊಂದದಿದ್ದರೆ ಗುಂಡೇ ಒಂದು ಕೂದಲಿನಷ್ಟು ವಾಲುತ್ತದೆ, ಬಟ್ಟಲು ಅದನ್ನು ಹಿಂಬಾಲಿಸುತ್ತದೆ. ಈ ಬಗೆಯ ಯಂತ್ರಕ್ಕೆಂದೇ ಲೈಮನ್ ಬಟ್ಟಲು ಕೂರಿಸುವ ಒಂದು ಪ್ರತ್ಯೇಕ ಚಿಕ್ಕ ತುಣುಕನ್ನು ಮಾರುತ್ತದೆ. ಅದರ ಕೆಲಸ ಬಟ್ಟಲನ್ನು ಗಟ್ಟಿಯಾದ ಸಪಾಟು ತಳಕ್ಕೆ ಒತ್ತಿ ಕೂರಿಸುವುದಷ್ಟೇ. ಅಳತೆಗೆ ತರುವ ಕೆಲಸ ಆಮೇಲೆ. ನಿಮ್ಮ ಮಗನ ಬಳಿ ಮೂತಿಯಿಂದ ಒತ್ತುವ ಯಂತ್ರವಿದ್ದರೆ ಈ ತುಣುಕು ಬೇಕೇ ಬೇಕು. ಬುಡದಿಂದ ತಳ್ಳುವ ಡೈ ಇದ್ದರೆ ಬೇರೆ ಸಾಧನ ಬೇಕಿಲ್ಲ. ಹೆಬ್ಬೆರಳಿನಿಂದ ಬಟ್ಟಲನ್ನು ತೊಡಿಸಿ, ಗುಂಡನ್ನು ಸಪಾಟು ಉಕ್ಕಿನ ತುಂಡಿನ ಮೇಲೆ ಬುಡ ಕೆಳಗಾಗಿ ಒಮ್ಮೆ ಗಟ್ಟಿಯಾಗಿ ಒತ್ತಿ, ನಂತರ ಡೈಗೆ ಕೊಟ್ಟರೆ ಸಾಕು.

ಕೆಲವೊಮ್ಮೆ ಬಟ್ಟಲು ಮೆಟ್ಟಿಲನ್ನು ಹತ್ತಲೇ ಒಪ್ಪುವುದಿಲ್ಲ. ಗುಂಡಿಗೆ ಬಣ್ಣದ ಪುಡಿ ಲೇಪಿಸಿ ಒಲೆಯಲ್ಲಿ ಬೇಯಿಸುವ ಪದ್ಧತಿ ಈಚಿನ ವರ್ಷಗಳಲ್ಲಿ ಅಲ್ಲಿ ಹರಡಿದೆ. ಆ ಲೇಪ ಮೆಟ್ಟಿಲಿನ ಮೇಲೂ ಕೂರುವುದರಿಂದ ಬಿಗಿತ ಹೆಚ್ಚುತ್ತದೆ. ಇಂಥಲ್ಲಿ ಬಲ ಪ್ರಯೋಗಿಸಿದರೆ ಓರೆಯಾಗುವುದು ಖಂಡಿತ. ಬಟ್ಟಲಿನ ಬಾಯಿಯನ್ನು ಇಂಚಿನ ಸಾವಿರದ ಕೆಲವು ಭಾಗದಷ್ಟು ಅಗಲಿಸುವ ಮೊನಚು ಪಂಚ್‌ಗಳು ದೊರೆಯುತ್ತವೆ, ಎನ್‌ಒಇ ಎಂಬ ಸಂಸ್ಥೆ ಅಂಥದ್ದನ್ನು ಮಾಡುತ್ತದೆ. ಲೇಪಕ್ಕೆ ಮೊದಲೇ ಬಟ್ಟಲು ತೊಡಿಸಿಬಿಡುವುದು ಇನ್ನೊಂದು ದಾರಿ.

ತಾಮ್ರದ ಸ್ವಭಾವವನ್ನೂ ಇಲ್ಲಿ ಮರೆಯಬಾರದು. ಕಾಫಿ ಪಲ್ಪರಿನ ಉರುಳೆಗೆ ತಾಮ್ರದ ತಗಡು ಹೊದಿಸಿದವರಿಗೆ ಇದು ಗೊತ್ತಿರುತ್ತದೆ: ಬಾಗಿಸಿದಷ್ಟೂ ತಾಮ್ರ ಗಟ್ಟಿಯಾಗುತ್ತದೆ, ಕೈಬಿಟ್ಟೊಡನೆ ತುಸು ಹಿಂದಕ್ಕೆ ಚಿಮ್ಮುತ್ತದೆ. ಪ್ರೆಸ್ಸಿನಲ್ಲಿ ಒತ್ತಿ ಮಾಡಿದ ಬಟ್ಟಲು ಈಗಾಗಲೇ ಗಟ್ಟಿಯಾಗಿರುತ್ತದೆ. ಡೈ ಅದನ್ನು ಹಿಸುಕಿದಾಗ ಸೀಸ ಒಳಗೆ ಸರಿದು ಹಾಗೆಯೇ ಉಳಿದರೆ, ತಾಮ್ರ ಹೊರಕ್ಕೆ ಚಿಮ್ಮಿ ಹಿಡಿತ ಸಡಿಲಿಸುತ್ತದೆ. ಕಂಚುಗಾರರು ಪಾತ್ರೆಯನ್ನು ನಡುನಡುವೆ ಬೆಂಕಿಗೆ ಹಿಡಿಯುವುದು ಈ ಕಾರಣಕ್ಕೇ. ಬಟ್ಟಲುಗಳನ್ನೂ ಮಂದ ಕೆಂಪಿಗೆ ಬರುವವರೆಗೆ ಕಾಯಿಸಿ ತಣಿಸಿದರೆ ಅವು ಮೆದುವಾಗುತ್ತವೆ. ಉಕ್ಕಿನಂತಲ್ಲದೆ ತಾಮ್ರವನ್ನು ನೀರಿಗೆ ಹಾಕಿ ತಣಿಸಿದರೂ ಅದು ಗಟ್ಟಿಯಾಗುವುದಿಲ್ಲ. ಅಂಚಿನ ಬಳಿ ಗೋಡೆ ದಪ್ಪವಾಗಿರುವ ಬಟ್ಟಲುಗಳೂ ಇವೆ, ಹಾರ್ನಡಿ ಸಂಸ್ಥೆಯವು ಈ ಜಾತಿಯವು. ಹಿಸುಕಿದಾಗ ಆ ದಪ್ಪ ಅಂಚು ಸೀಸವನ್ನು ಕಚ್ಚುವುದರಿಂದ ಅವು ಹಾರಾಟದಲ್ಲಿ ಕಳಚಿ ಬೀಳುವ ಸಂಭವ ಕಡಿಮೆ.

ಆದರೆ ಹೊಸ ಸಾಧನಕ್ಕೆ ಹಣ ಕೊಡುವ ಮೊದಲು ನಿಮ್ಮ ಮಗ ಎರಕವನ್ನೇ ಪರೀಕ್ಷಿಸಲಿ. ಅಚ್ಚು ಸಾಕಷ್ಟು ಕಾದಿರದಿದ್ದರೆ ಬುಡದ ಮೂಲೆಗಳಿಗೆ ಸೀಸ ತುಂಬದೆ ಅಂಚು ದುಂಡಗಾಗುತ್ತದೆ. ಮೇಲಿನ ಹೆಚ್ಚುವರಿ ಸೀಸವನ್ನು ಕತ್ತರಿಸುವ ತಟ್ಟೆ ಸಡಿಲವಾಗಿದ್ದರೆ ಬುಡದಲ್ಲಿ ತೆಳುವಾದ ಬರ್, ಅಂದರೆ ಲೋಹದ ಚೂಪು ಉಬ್ಬು, ಉಳಿಯುತ್ತದೆ. ಮರಳಿನ ಕಣದಷ್ಟಿರುವ ಆ ಬರ್ ಬಟ್ಟಲಿನ ಒಂದು ಪಕ್ಕವನ್ನು ಎತ್ತಿ ಹಿಡಿಯಲು ಸಾಕು, ಯಾವ ದುಬಾರಿ ಯಂತ್ರವೂ ಅದನ್ನು ಸರಿಪಡಿಸಲಾರದು. ಆಂಟಿಮನಿ ಬೆರೆತ ಸೀಸ ಎರೆದ ಮೇಲೆ ದಿನಗಳೆದಂತೆ ಗಟ್ಟಿಯಾಗುವುದರಿಂದ, ತಿಂಗಳುಗಟ್ಟಲೆ ಡಬ್ಬಿಯಲ್ಲಿಟ್ಟು ಆಮೇಲೆ ಬಟ್ಟಲು ತೊಡಿಸುವುದಕ್ಕಿಂತ ಬೇಗನೆ ಆ ಕೆಲಸ ಮುಗಿಸುವುದು ಒಳ್ಳೆಯದು. ಈ ಕೆಲಸದ ನಡುವೆ ಅವರು ಕೈ ತೊಳೆಯದೆ ತಿಂಡಿ, ಕಾಫಿ ಮುಟ್ಟಬಾರದು, ಮನೆಯಲ್ಲಿ ಮಕ್ಕಳಿದ್ದರೆ ಅವರನ್ನು ಆ ಮೇಜಿನ ಹತ್ತಿರ ಬಿಡಬಾರದು. ಸೀಸದ ವಿಷ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿಸುತ್ತದೆ. ಅಜ್ಜನಾಗಿ ನೀವು ಇದನ್ನು ಫೋನಿನಲ್ಲಿ ಒತ್ತಿ ಹೇಳಿದರೆ ತಪ್ಪಿಲ್ಲ.

ಸರಿಯಾಗಿ ಕೂತಿದೆಯೇ ಎಂದು ನೋಡಲು ಗಾಜಿನ ತುಂಡೊಂದು ಸಾಕು. ಗುಂಡನ್ನು ಗಾಜಿನ ಮೇಲೆ ಬುಡ ಊರಿ ನಿಲ್ಲಿಸಿ ಹಿಂದಿನಿಂದ ದೀಪ ಹಿಡಿದರೆ ಬಟ್ಟಲಿನ ಮೇಲಂಚಿನ ಗೆರೆ ಗಾಜಿಗೆ ಸಮನಾಗಿ ಕಾಣಬೇಕು. ಆಮೇಲೆ ಅಂಚಿಗೆ ಉಗುರು ಕೊಟ್ಟು ಎಳೆದಾಗ ಅಲುಗಬಾರದು. ಓರೆಯಾದವನ್ನು ಮತ್ತೆ ಒತ್ತಿ ನೆಟ್ಟಗೆ ಮಾಡುವ ಪ್ರಯತ್ನ ವ್ಯರ್ಥ. ಅವನ್ನು ಚೆನ್ನಾಗಿ ಒಣಗಿರುವಾಗ ಸೀಸದ ಪಾತ್ರೆಗೆ ಮರಳಿ ಹಾಕಲಿ. ತಾಮ್ರ ಕರಗಲು 1,085 ಡಿಗ್ರಿ ಬೇಕು, ತೂಕದಲ್ಲೂ ಅದು ಸೀಸಕ್ಕಿಂತ ಹಗುರ. ಹಾಗಾಗಿ ಗುಂಡು ಕರಗುತ್ತಿದ್ದಂತೆ ಬಟ್ಟಲು ಕಳಚಿ ಮೇಲೆ ತೇಲುತ್ತದೆ, ಉದ್ದ ಹಿಡಿಯ ಕಬ್ಬಿಣದ ಸೌಟಿನಿಂದ ಅದನ್ನು ತೆಗೆದುಬಿಡಬಹುದು.