ಬಾಟಲಿಗಿಂತ ಮೊದಲು ಬಕೆಟ್

ವೈಟ್‌ಫೀಲ್ಡ್ ಕಡೆಯ ಒಂದು ಅಪಾರ್ಟ್‌ಮೆಂಟ್. ಹಾಲ್‌ನಲ್ಲಿ ಎರಡು ಅಡಿಯ ಗಿಡದ ಟ್ಯಾಂಕ್, ಅಂದರೆ ನೀರೊಳಗೆ ಗಿಡ ಬೆಳೆಸುವ ಅಕ್ವೇರಿಯಂ. ನಾನು ಬ್ಯಾಗ್ ಕೆಳಗಿಡುವಷ್ಟರಲ್ಲೇ ಆ ಮನೆಯವರು ಟ್ಯಾಂಕ್ ಕೆಳಗಿನ ಕಪಾಟು ತೆರೆದರು. ಒಳಗೆ ಏಳು ಗೊಬ್ಬರದ ಬಾಟಲಿಗಳು. ಅದರಲ್ಲಿ ಎರಡು ಕಬ್ಬಿಣದ್ದೇ.

"ಎಲ್ಲಾ ಹಾಕಿ ನೋಡಿದೀನಿ ಸರ್. ಹೊಸ ಎಲೆ ಮಾತ್ರ ಮುರುಟಿಕೊಂಡೇ ಬರ್ತಿದೆ."

ನೋಡಿದರೆ ನಿಜ. ರೊಟಾಲ ಗಿಡದ ತುದಿಗಳು ಸುಟ್ಟ ಕಾಗದದ ಹಾಗೆ ಸುರುಳಿ ಸುತ್ತಿದ್ದವು. ಕೆಳಗಿನ ಎಲೆಗಳು ಚೆನ್ನಾಗೇ ಇದ್ದವು. ನೀರು ಎಂಥದ್ದು ಅಂತ ಕೇಳಿದೆ. "ಗಡುಸು ನೀರು" ಅಂತ, ನೀರಿನಲ್ಲಿ ಕರಗಿರುವುದನ್ನು ಅಳೆಯುವ ಟಿಡಿಎಸ್ ಪೆನ್ ತಂದು ಅದ್ದಿ ತೋರಿಸಿದರು. 480.

ನಾನು ನೀರಿನ ಗಡಸುತನ ಅಳೆಯುವ ಜಿಎಚ್ ಕಿಟ್ ತೆಗೆದೆ. 5 ಎಂಎಲ್ ನೀರಿಗೆ ಒಂದೊಂದೇ ಹನಿ ಹಾಕುತ್ತಾ ಹೋಗಬೇಕು. ನೀರು ಮೊದಲು ಕಿತ್ತಳೆ ಬಣ್ಣಕ್ಕೆ ತಿರುಗಿ, ಆಮೇಲೆ ಯಾವುದೋ ಒಂದು ಹನಿಗೆ ಹಸಿರಾಗುತ್ತದೆ. ಅಷ್ಟು ಹನಿ ಅಂದರೆ ಅಷ್ಟು ಡಿಗ್ರಿ ಗಡಸುತನ. ಇಲ್ಲಿ ಮೊದಲನೇ ಹನಿಗೇ ಹಸಿರಾಯಿತು. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚುಕಮ್ಮಿ ಇಲ್ಲವೇ ಇಲ್ಲ.

ಕಾರಣ ಬೇಸ್‌ಮೆಂಟ್‌ನಲ್ಲಿತ್ತು. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರನ್ನು ನಂಬಿಕೊಂಡ ಅಪಾರ್ಟ್‌ಮೆಂಟ್‌ಗಳಲ್ಲಿ ಸಾಫ್ಟನರ್ ಇರುವುದು ಸಾಮಾನ್ಯ. ಅದು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ನಲ್ಲಿಗೆ ಬಿಳಿ ಪೊರೆ ಕಟ್ಟುವುದಿಲ್ಲ, ಗೀಸರ್‌ಗೂ ಒಳ್ಳೆಯದು. ಗಿಡಕ್ಕೆ ಉಪವಾಸ. ಟಿಡಿಎಸ್ ಪೆನ್‌ಗೆ ಸೋಡಿಯಂ ಯಾವುದು, ಕ್ಯಾಲ್ಸಿಯಂ ಯಾವುದು ಅಂತ ಗೊತ್ತಾಗುವುದಿಲ್ಲ. ಒಟ್ಟು ಎಷ್ಟು ಕರಗಿದೆ ಅಂತ ಅಂದಾಜು ಹೇಳಿ ಸುಮ್ಮನಾಗುತ್ತದೆ. ಏಳು ಬಾಟಲಿಯಲ್ಲಿ ಒಂದರಲ್ಲೂ ಕ್ಯಾಲ್ಸಿಯಂ ಇರಲಿಲ್ಲ.

ಆವತ್ತು ಮಾಡಿದ್ದು ಇಷ್ಟೇ. ನೀರು ಬದಲಿಸುವಾಗ ಮುಕ್ಕಾಲು ಪಾಲು ಅಡುಗೆಮನೆಯ ಆರ್‌ಓ ನೀರು, ಕಾಲು ಪಾಲು ನಲ್ಲಿ ನೀರು. ಅದರ ಪ್ರತಿ 20 ಲೀಟರ್‌ಗೆ 2 ಗ್ರಾಂ ಜಿಪ್ಸಂ, 1 ಗ್ರಾಂ ಎಪ್ಸಂ ಸಾಲ್ಟ್. ಜಿಎಚ್ 4ರ ಆಸುಪಾಸಿಗೆ ಬರುತ್ತದೆ. ಜಿಪ್ಸಂ ಬೇಗ ಕರಗುವುದಿಲ್ಲ, ಹಿಂದಿನ ರಾತ್ರಿಯೇ ಬಕೆಟ್‌ನಲ್ಲಿ ಕಲಸಿಟ್ಟರೆ ಆರಾಮ. ಪೂರ್ತಿ ಆರ್‌ಓ ಯಾಕೆ ಬೇಡ ಅಂದರೆ, ಅದರಲ್ಲಿ ಪಿಎಚ್ ಹಿಡಿದು ನಿಲ್ಲಿಸುವ ಬೈಕಾರ್ಬನೇಟ್ ಇರುವುದಿಲ್ಲ. ಆ ಕಾಲು ಪಾಲು ನಲ್ಲಿ ನೀರು ಅದನ್ನು ಕೊಡುತ್ತದೆ.

ಗೊಬ್ಬರದ ಬಗ್ಗೆ ಕೇಳಿಕೊಂಡು ಬರುವವರಿಗೆ ನಾನು ಮೊದಲು ನೀರಿನ ಬಗ್ಗೆ ಕೇಳುವುದು ಇದಕ್ಕೇ. ಮನೆಯ ನೀರು ಏನು ಕೊಡುತ್ತಿದೆ, ಏನು ಕೊಡುತ್ತಿಲ್ಲ ಅಂತ ಗೊತ್ತಿಲ್ಲದೆ ಮೇಲಿಂದ ಎಷ್ಟು ಸುರಿಯಬೇಕು ಅಂತ ಹೇಗೆ ಹೇಳುವುದು? ಬೋರ್‌ವೆಲ್ ನೀರಾದರೆ ಉಲ್ಟಾ ತೊಂದರೆಯೂ ಇರಬಹುದು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರ್‌ಗೆ 45 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದ ಮಾನದಂಡ. ಆ ಗೆರೆ ದಾಟಿದ ಬೋರ್‌ವೆಲ್‌ಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥ ನೀರಿಗೆ ಮತ್ತೆ ನೈಟ್ರೇಟ್ ಗೊಬ್ಬರ ಹಾಕಿ ಪಾಚಿ ಬಂತು ಅಂತ ಗೋಳಾಡುವವರನ್ನು ನೋಡಿದ್ದೇನೆ. ಒಂದು ಮಾತು: ಎರಡು ಬಾಟಲಿಯ ನೈಟ್ರೇಟ್ ಕಿಟ್‌ನಲ್ಲಿ ಎರಡನೇ ಬಾಟಲಿಯನ್ನು ಅರ್ಧ ನಿಮಿಷ ಜೋರಾಗಿ ಕುಲುಕಿ. ತಳದಲ್ಲಿ ಪುಡಿ ಕೂತಿರುತ್ತದೆ. ಕುಲುಕದಿದ್ದರೆ ಎಷ್ಟಿದ್ದರೂ ಕಮ್ಮಿಯೇ ತೋರಿಸುತ್ತದೆ.

ಇನ್ನು ಅಳತೆ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ಲೆಕ್ಕಕ್ಕೆ 56 ಲೀಟರ್. ಅಂಗಡಿಯವರು 60 ಅಂತಾರೆ. ಮಣ್ಣು, ಕಲ್ಲು, ಕಟ್ಟಿಗೆ, ಮೇಲೆ ಬಿಡುವ ಒಂದು ಇಂಚು ಎಲ್ಲಾ ಕಳೆದರೆ ನಿಜವಾದ ನೀರು ಸುಮಾರು 40 ಲೀಟರ್ ಇರುತ್ತದೆ. ಟ್ಯಾಂಕ್ ತುಂಬುವಾಗ ಬಕೆಟ್ ಎಣಿಸಿಬಿಡಿ, ಅದಕ್ಕಿಂತ ಒಳ್ಳೆ ಅಳತೆ ಇಲ್ಲ. 200 ಲೀಟರ್ ಟ್ಯಾಂಕ್‌ನಲ್ಲಿ ಒಂದು ಮುಚ್ಚಳ ಜಾಸ್ತಿ ಬಿದ್ದರೆ ಗಿಡಕ್ಕೂ ಗೊತ್ತಾಗುವುದಿಲ್ಲ, ಮೀನಿಗೂ ಗೊತ್ತಾಗುವುದಿಲ್ಲ. 20 ಲೀಟರ್‌ನಲ್ಲಿ ಅದೇ ಮುಚ್ಚಳ ಹತ್ತು ಪಟ್ಟು. ಅದಕ್ಕೇ ಮುಚ್ಚಳದ ಅಳತೆ ಬಿಟ್ಟು ಸಿರಿಂಜ್ ಇಟ್ಟುಕೊಳ್ಳಿ. ಸೂಜಿ ಇಲ್ಲದ 5 ಎಂಎಲ್ ಸಿರಿಂಜ್ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ.

ಗೊಬ್ಬರ ಎಲ್ಲಿಂದ ತರುವುದು? ಆಮದು ಬಾಟಲಿಗಳು ಕೆಟ್ಟವಲ್ಲ. ಒಂದು ಚಿಕ್ಕ ಟ್ಯಾಂಕ್ ಇರುವವರಿಗೆ ಅದೇ ಸುಲಭ. ಲೇಬಲ್ ಮಾತ್ರ ಓದಿ. ಕೆಲವು ಬಾಟಲಿಯಲ್ಲಿ ಸಾರಜನಕ, ರಂಜಕ ಇರುವುದೇ ಇಲ್ಲ, ಮೀನಿನ ಹಿಕ್ಕೆಯಿಂದಲೇ ಅವು ಸಿಗುವ, ಮೀನು ಜಾಸ್ತಿ ಇರುವ ಟ್ಯಾಂಕ್‌ಗೆ ಅಂತ ಮಾಡಿದ್ದು. ಗಿಡ ತುಂಬಿ, ಮೀನು ನಾಲ್ಕೇ ಇರುವ ಟ್ಯಾಂಕ್‌ಗೆ ಅದನ್ನು ವರ್ಷಗಟ್ಟಲೆ ಹಾಕಿದರೂ ಗಿಡ ಬಡಕಲಾಗೇ ಇರುತ್ತದೆ.

ನಾನು ಬಳಸುವುದು ಊರಿನ ಗೊಬ್ಬರದ ಅಂಗಡಿಯ ಪ್ಯಾಕೆಟ್. ದ್ರಾಕ್ಷಿ, ದಾಳಿಂಬೆ ಬೆಳೆಯುವವರು ಡ್ರಿಪ್‌ನಲ್ಲಿ ಬಿಡುತ್ತಾರಲ್ಲ, ಅದೇ. ಪ್ಯಾಕೆಟ್ ಮೇಲಿನ ಮೂರು ಅಂಕಿ ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್‌ನ ಶೇಕಡಾ ಪಾಲು. 13:00:45 ಅಂದರೆ ಪೊಟ್ಯಾಸಿಯಂ ನೈಟ್ರೇಟ್. 00:52:34 ಅಂದರೆ ಮೋನೋ ಪೊಟ್ಯಾಸಿಯಂ ಫಾಸ್ಫೇಟ್. ಎರಡೂ ನೀರಿನಲ್ಲಿ ಪೂರ್ತಿ ಕರಗುತ್ತವೆ.

ಆದರೆ ಅದೇ ಕಪಾಟಿನಲ್ಲಿ, ಅದೇ ತರಹದ ಪ್ಯಾಕೆಟ್‌ನಲ್ಲಿ 19:19:19 ಕೂಡ ಇರುತ್ತದೆ. ಶುರುವಿನ ದಿನಗಳಲ್ಲಿ ನಾನೇ ಅದನ್ನು ತಂದು ಒಂದು ಟೀ ಚಮಚ ಹಾಕಿದ್ದೆ. ಮೂರೂ ಸಮ ಇದೆ, ಬ್ಯಾಲೆನ್ಸ್ ಆಗಿರುತ್ತೆ ಅಂತ ಲೆಕ್ಕಾಚಾರ. ಬೆಳಿಗ್ಗೆ ಎದ್ದು ನೋಡಿದರೆ ಗಪ್ಪಿಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಅದರ ಸಾರಜನಕದಲ್ಲಿ ಹೆಚ್ಚಿನ ಪಾಲು ಯೂರಿಯಾ ಮತ್ತು ಅಮೋನಿಯಂ. ಪಿಎಚ್ 8ರ ಬೋರ್ ನೀರಿನಲ್ಲಿ ಅಮೋನಿಯಂನ ಒಂದು ಪಾಲು ವಿಷದ ಅಮೋನಿಯ ಆಗುತ್ತದೆ. ಅರ್ಧ ನೀರು ತೆಗೆದು ಹೊಸ ನೀರು ತುಂಬಿ, ಸಂಜೆ ಮತ್ತೆ ಅರ್ಧ ತೆಗೆದೆ. ಒಂಬತ್ತರಲ್ಲಿ ನಾಲ್ಕು ಉಳಿದವು. ಹೊಲಕ್ಕೆ ಅದು ಒಳ್ಳೆ ಗೊಬ್ಬರ. ಟ್ಯಾಂಕ್ ಹೊಲ ಅಲ್ಲ, ಅಷ್ಟೇ.

ನನ್ನ ಅಳತೆ ಇದು. 250 ಎಂಎಲ್ ಆರ್‌ಓ ನೀರಿಗೆ 10 ಗ್ರಾಂ 13:00:45 ಮತ್ತು 1 ಗ್ರಾಂ 00:52:34. ಒಡವೆ ತೂಗುವಂಥ ಚಿಕ್ಕ ಡಿಜಿಟಲ್ ತಕ್ಕಡಿ ಬೇಕು. ಚಮಚದ ಅಂದಾಜು ಬೇಡ. ಪುಡಿ ಕರಗುತ್ತಿದ್ದ ಹಾಗೆ ಬಾಟಲಿ ಕೈಯಲ್ಲೇ ತಣ್ಣಗಾಗುತ್ತದೆ. ಗಾಬರಿ ಬೇಡ, ನೈಟ್ರೇಟ್ ಕರಗುವಾಗ ಶಾಖ ಎಳೆದುಕೊಳ್ಳುತ್ತದೆ. ಇದರ 5 ಎಂಎಲ್ 40 ಲೀಟರ್ ನೀರಿಗೆ ಹಾಕಿದರೆ ಸುಮಾರು 3 ಪಿಪಿಎಂ (ಅಂದರೆ ಲೀಟರ್‌ಗೆ 3 ಮಿಲಿಗ್ರಾಂ) ನೈಟ್ರೇಟ್, 0.35 ಪಿಪಿಎಂ ಫಾಸ್ಫೇಟ್, 2 ಪಿಪಿಎಂ ಪೊಟ್ಯಾಸಿಯಂ ಸೇರುತ್ತದೆ. ಒಳ್ಳೆ ಬೆಳಕು, ಸಿಲಿಂಡರ್‌ನಿಂದ ಬಿಡುವ ಸಿಓಟು (ಕಾರ್ಬನ್ ಡೈಆಕ್ಸೈಡ್) ಇರುವ ಟ್ಯಾಂಕ್‌ಗೆ ವಾರಕ್ಕೆ ಮೂರು ಸಲ. ಸಿಓಟು ಇಲ್ಲದೆ ಅನುಬಿಯಾಸ್, ಜಾವಾ ಫರ್ನ್, ಕ್ರಿಪ್ಟ್‌ನಂಥ ನಿಧಾನಕ್ಕೆ ಬೆಳೆಯುವ ಗಿಡ ಇಟ್ಟುಕೊಂಡವರಿಗೆ ವಾರಕ್ಕೆ ಒಂದೇ ಸಲ ಸಾಕು. ಮೀನು ಜಾಸ್ತಿ ಇದ್ದರೆ ಅದೂ ಬೇಡವಾಗಬಹುದು, ನೈಟ್ರೇಟ್ ಕಿಟ್‌ನಲ್ಲಿ ನೋಡಿ. ಹೊಸ ಅಕ್ವಾ ಸಾಯಿಲ್ (ಪೋಷಕಾಂಶ ತುಂಬಿದ ಅಕ್ವೇರಿಯಂ ಮಣ್ಣು) ಹಾಕಿದ್ದರೆ ಮೊದಲ ಒಂದು ತಿಂಗಳು ಈ ಬಾಟಲಿ ಮುಟ್ಟಲೇಬೇಡಿ. ಆ ಮಣ್ಣೇ ಅಮೋನಿಯ ಬಿಡುತ್ತಿರುತ್ತದೆ.

ಅಂದ ಹಾಗೆ ಒಂದು ಕೆಜಿ 13:00:45 ತಂದರೆ ಈ ಲೆಕ್ಕದಲ್ಲಿ ಮೂವತ್ತು ವರ್ಷ ಬರುತ್ತದೆ. ನಾಲ್ಕು ಜನ ಸೇರಿ ಹಂಚಿಕೊಳ್ಳಿ. ಗಾಳಿಯಾಡದ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಕಲ್ಲಾಗುತ್ತದೆ. ಡಬ್ಬಿ ಮೇಲೆ ಹೆಸರು ಬರೆಯಿರಿ. ನೋಡಲು ಉಪ್ಪಿನ ಹಾಗೇ ಇರುತ್ತದೆ, ಅಡುಗೆಮನೆಯಿಂದ ದೂರ ಇರಲಿ.

ಕಬ್ಬಿಣಕ್ಕೆ ಬೇರೆ ಬಾಟಲಿ. ಫಾಸ್ಫೇಟ್ ಜೊತೆ ಒಂದೇ ಬಾಟಲಿಯಲ್ಲಿ ಕಲಸಿದರೆ ಕಬ್ಬಿಣ ಅದರ ಜೊತೆ ಸೇರಿ ತಳಕ್ಕೆ ಕೂರುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಅದಕ್ಕೇ ಹಾಕುವ ದಿನವನ್ನೂ ಬೇರೆ ಮಾಡುವುದು. ಸೋಮವಾರ ನೈಟ್ರೇಟ್ ಬಾಟಲಿ, ಮಂಗಳವಾರ ಕಬ್ಬಿಣ, ಹೀಗೆ. ಗೊಬ್ಬರದ ಅಂಗಡಿಯಲ್ಲಿ ಸಿಗುವ ಶೇಕಡ 12ರ ಕಬ್ಬಿಣದ ಇಡಿಟಿಎ ಪುಡಿ 1.5 ಗ್ರಾಂ, 250 ಎಂಎಲ್ ನೀರಿಗೆ. 5 ಎಂಎಲ್ ಹಾಕಿದರೆ 40 ಲೀಟರ್‌ಗೆ 0.1 ಪಿಪಿಎಂಗಿಂತ ಸ್ವಲ್ಪ ಕಮ್ಮಿ ಕಬ್ಬಿಣ. ಇಡಿಟಿಎ ಅಂದರೆ ಕಬ್ಬಿಣ ತಳಕ್ಕೆ ಕೂರದ ಹಾಗೆ ಹಿಡಿದಿಡುವ ರಾಸಾಯನಿಕ. ಪಿಎಚ್ 6.5 ದಾಟಿದರೆ ಅದರ ಹಿಡಿತ ಸಡಿಲವಾಗುತ್ತಾ ಹೋಗುತ್ತದೆ. ನಮ್ಮ ಬೋರ್ ನೀರಿಗೆ ಅದೇ ಜಾತಿಯ ಡಿಟಿಪಿಎ ಸಿಕ್ಕರೆ ವಾಸಿ. ಇಡಿಡಿಎಚ್‌ಎ ಇನ್ನೂ ಗಟ್ಟಿ, ಆದರೆ ನೀರು ಕೆಂಪು ಶರಬತ್ತಾಗುತ್ತದೆ. ಕಬ್ಬಿಣದ ಬಾಟಲಿಯನ್ನು ಕಪಾಟಿನ ಕತ್ತಲಲ್ಲಿಡಿ, ಬೆಳಕಿಗೆ ಅದು ಒಡೆಯುತ್ತದೆ.

ಮ್ಯಾಂಗನೀಸ್, ಬೋರಾನ್ ಇತ್ಯಾದಿ ಸೂಕ್ಷ್ಮ ಪೋಷಕಾಂಶಗಳಿಗೆ ಮಾತ್ರ ನಾನು ಅಕ್ವೇರಿಯಂ ಬಾಟಲಿಯನ್ನೇ ಬಳಸುತ್ತೇನೆ. ಹೊಲದ ಮಿಶ್ರಣಗಳಲ್ಲಿ ಸತು ಜಾಸ್ತಿ ಇರುತ್ತದೆ, ನಮ್ಮ ಮಣ್ಣಿಗೆ ಅದು ಬೇಕು. ತಾಮ್ರವೂ ಇರುತ್ತದೆ, ಚೆರ್ರಿ ಶ್ರಿಂಪ್ (ಪುಟ್ಟ ಸಿಗಡಿ) ಸಾಕಿದವರಿಗೆ ಅದು ಬೇಡ.

ನೀರು ಬದಲಿಸುವುದಕ್ಕೂ ಈ ಲೆಕ್ಕಕ್ಕೂ ನೇರ ಸಂಬಂಧವಿದೆ. ಮೂರು ಡೋಸ್‌ನಿಂದ ವಾರಕ್ಕೆ 9 ಪಿಪಿಎಂ ನೈಟ್ರೇಟ್ ಹಾಕುತ್ತೀರಿ ಅಂದುಕೊಳ್ಳಿ. ಗಿಡ ಒಂದು ಚೂರೂ ತಿನ್ನಲಿಲ್ಲ, ಪ್ರತಿ ವಾರ ಅರ್ಧ ನೀರು ಬದಲಿಸುತ್ತೀರಿ. ಆಗ ನಿಮ್ಮ ಗೊಬ್ಬರದಿಂದ ಎಷ್ಟೇ ತಿಂಗಳಾದರೂ ನೈಟ್ರೇಟ್ 18 ದಾಟುವುದಿಲ್ಲ. ಕಾಲು ಭಾಗ ಮಾತ್ರ ಬದಲಿಸಿದರೆ 36ರವರೆಗೆ ಏರುತ್ತದೆ. ಬದಲಿಸದೇ ಇದ್ದರೆ ಏರುತ್ತಲೇ ಇರುತ್ತದೆ. ಅಮೆರಿಕದ ಟಾಮ್ ಬಾರ್ ಪ್ರಚಾರಕ್ಕೆ ತಂದ 'ಎಸ್ಟಿಮೇಟಿವ್ ಇಂಡೆಕ್ಸ್' ಪದ್ಧತಿ ನಿಂತಿರುವುದು ಇದರ ಮೇಲೇ: ಧಾರಾಳವಾಗಿ ಹಾಕು, ವಾರಕ್ಕೊಮ್ಮೆ ಅರ್ಧ ನೀರು ತೆಗೆ. ಆ ಪದ್ಧತಿಯ ಡೋಸ್ ನನ್ನದರ ಎರಡು ಮೂರು ಪಟ್ಟು. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯುವ ಮನೆಗಳಲ್ಲಿ ಅದನ್ನು ಮಾಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ನೀರು ಕಮ್ಮಿ ಬದಲಿಸುವವರು ಡೋಸೂ ಕಮ್ಮಿ ಮಾಡಿ. ಜೊತೆಗೆ ಲೈಟನ್ನೂ ಆರು ಗಂಟೆಗೆ ಇಳಿಸಿ. ಗಿಡದ ಹಸಿವು ಬೆಳಕಿನ ಮೇಲೆ ಹೋಗುತ್ತದೆ.

ಏನೋ ಕೊರತೆ ಇದೆ ಅನ್ನಿಸಿದರೆ, ಹಳೇ ಎಲೆಯಲ್ಲೋ ಹೊಸ ಎಲೆಯಲ್ಲೋ ಅಂತ ಮೊದಲು ನೋಡಿ. ಸಾರಜನಕ, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಸಾಲದಿದ್ದರೆ ಗಿಡ ಹಳೇ ಎಲೆಯಿಂದ ಕಿತ್ತು ಹೊಸದಕ್ಕೆ ಸಾಗಿಸುತ್ತದೆ. ಹಾಗಾಗಿ ಕೆಳಗಿನ ಎಲೆ ಹಳದಿಯಾಗುತ್ತದೆ, ಸೂಜಿ ಚುಚ್ಚಿದ ಹಾಗೆ ತೂತು ಬೀಳುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಹಾಗೆ ಸಾಗುವುದಿಲ್ಲ. ಅವುಗಳ ಕೊರತೆ ತುದಿಯಲ್ಲೇ ಕಾಣುತ್ತದೆ: ಹೊಸ ಎಲೆ ಬಿಳಿಚಿಕೊಂಡರೆ ಕಬ್ಬಿಣ, ಮುರುಟಿದರೆ ಕ್ಯಾಲ್ಸಿಯಂ ಅಂತ ಅನುಮಾನಪಡಿ. ವೈಟ್‌ಫೀಲ್ಡ್ ಮನೆಯಲ್ಲಿ ನಾನು ಜಿಎಚ್ ಕಿಟ್ ತೆಗೆದದ್ದು ಅದಕ್ಕೇ.

ಕೆಟ್ಟ ಎಲೆ ಮತ್ತೆ ಸರಿಹೋಗುವುದಿಲ್ಲ, ಅದನ್ನು ಕತ್ತರಿಸಿ. ಏನು ಬದಲಾಯಿಸಿದರೂ ಎರಡು ವಾರ ಕಾದು, ಆಮೇಲೆ ಹುಟ್ಟಿದ ಎಲೆಯನ್ನು ಮಾತ್ರ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ಊರಿಗೆ ಹೋಗುವವರು ಹತ್ತು ದಿನದ ಗೊಬ್ಬರ ಒಟ್ಟಿಗೆ ಹಾಕಿ ಹೋಗಬೇಡಿ. ಲೈಟಿನ ಟೈಮರ್ ಐದು ಗಂಟೆಗೆ ಇಳಿಸಿ, ಗೊಬ್ಬರ ನಿಲ್ಲಿಸಿ ಹೋಗಿ. ಗಿಡ ತಡೆದುಕೊಳ್ಳುತ್ತದೆ. ಪಕ್ಕದ ಮನೆಯವರಿಗೆ ಕೀ ಕೊಡುವುದಾದರೆ ಮೀನಿನ ಊಟವನ್ನು ದಿನಕ್ಕೊಂದು ಪೊಟ್ಟಣ ಕಟ್ಟಿ ಕೊಡಿ, ಡಬ್ಬಿ ಕೊಡಬೇಡಿ. ಗೊಬ್ಬರದ ಕಪಾಟಿಗಂತೂ ಬೀಗ ಹಾಕಿ.